ನಾಯಿಯ ಜಾತಿಯೋ, ಸಾಕುವ ರೀತಿಯೋ?



ಕೊಯ್ಲಿನ ಕಾಲ ಬಂತೆಂದರೆ ಸಂಘದ ಕಚೇರಿಯ ಜಗಲಿಯಲ್ಲಿ ಧಾರಣೆ, ಮಳೆ, ಆಳುಗಳ ಮಾತಿನ ಜೊತೆಗೆ ನಾಯಿಯ ಮಾತೂ ಸೇರಿಕೊಳ್ಳುತ್ತದೆ. ಚಪ್ಪರದ ಮೇಲೆ ಅಡಿಕೆ, ಕಣದಲ್ಲಿ ಕಾಫಿ, ಅಂಗಳದಲ್ಲಿ ಮೆಣಸು: ವರ್ಷದ ದುಡಿಮೆಯೆಲ್ಲ ಬಯಲಿನಲ್ಲಿ ಒಣಗುತ್ತಿರುವಾಗ ಕಳ್ಳರ ಭಯ ಸಹಜವೇ. ಕಾವಲಿಗೆ ಎಂಥ ನಾಯಿ ತರಬೇಕೆಂಬ ಚರ್ಚೆ ಆಗ ಏಳುತ್ತದೆ.

ಈ ಚರ್ಚೆಯಲ್ಲಿ ಎರಡು ಪಂಗಡಗಳಿರುವುದನ್ನು ನಾವು ಗಮನಿಸಿದ್ದೇವೆ. ಗೇಟಿನೊಳಗೆ ಕಾಲಿಟ್ಟವನನ್ನು ಸಿಗಿದುಹಾಕುವಂಥ ಜಾತಿ ನಾಯಿಯೇ ಬೇಕೆನ್ನುವವರು ಒಂದು ಕಡೆ. ಅಂಥ ಜಾತಿಗಳನ್ನು ದೇಶದಲ್ಲೇ ಇಲ್ಲದಂತೆ ಮಾಡಬೇಕೆನ್ನುವವರು ಇನ್ನೊಂದು ಕಡೆ. ಮೇಲುನೋಟಕ್ಕೆ ಇವರು ವಿರೋಧಿಗಳು. ಆದರೆ ಇಬ್ಬರ ನಂಬಿಕೆಯೂ ಒಂದೇ: ಕ್ರೌರ್ಯವೆಂಬುದು ನಾಯಿಯ ಜಾತಿಯಲ್ಲೇ ಇದೆ, ರಕ್ತದಲ್ಲೇ ಹರಿದು ಬರುತ್ತದೆ ಎಂಬುದು. ಈ ನಂಬಿಕೆ ತಪ್ಪು ಮಾತ್ರವಲ್ಲ, ನಮ್ಮ ತೋಟಗಳಲ್ಲಿ ದುಡಿಯುವ ಜನರಿಗೆ ಅಪಾಯಕಾರಿಯೂ ಹೌದು ಎಂಬುದು ನಮ್ಮ ಅಭಿಪ್ರಾಯ. ಏಕೆಂದರೆ ಅದು ನಾಯಿಯ ಮೇಲೆ ದೂರು ಹೊರಿಸಿ ಯಜಮಾನನನ್ನು ಬಿಟ್ಟುಬಿಡುತ್ತದೆ.

ಕೇಂದ್ರದ ಸುತ್ತೋಲೆ

2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರದ ಪಶುಸಂಗೋಪನೆ ಇಲಾಖೆಯು ರಾಜ್ಯಗಳಿಗೆ ಒಂದು ಸುತ್ತೋಲೆ ಕಳುಹಿಸಿತು. ಪಿಟ್‌ಬುಲ್, ರಾಟ್‌ವೀಲರ್ ಮೊದಲಾದ ಇಪ್ಪತ್ತಕ್ಕೂ ಹೆಚ್ಚು ತಳಿಗಳನ್ನು ಮನುಷ್ಯರ ಪ್ರಾಣಕ್ಕೆ ಅಪಾಯಕಾರಿ ಎಂದು ಹೆಸರಿಸಿ, ಅವುಗಳ ಆಮದು, ಮಾರಾಟ ಮತ್ತು ಸಂತಾನವೃದ್ಧಿಯನ್ನು ತಡೆಯಬೇಕೆಂದೂ, ಈಗಾಗಲೇ ಸಾಕಿರುವವುಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕೆಂದೂ ಅದರಲ್ಲಿತ್ತು. ಪಟ್ಟಿಯನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ಟರ್ಕಿಯಲ್ಲಿ ತೋಳಗಳಿಂದ ಕುರಿಮಂದೆ ಕಾಯುವ ಕಂಗಾಲ್ ಮತ್ತು ಅಕ್ಬಾಷ್ ನಾಯಿಗಳೂ ಅದರಲ್ಲಿದ್ದವು. ‘ಟೆರಿಯರ್’, ‘ಮ್ಯಾಸ್ಟಿಫ್’ ಎಂದು ಇಡೀ ಕುಲಗಳನ್ನೇ ಸೇರಿಸಲಾಗಿತ್ತು. ಟೆರಿಯರ್ ಕುಲದಲ್ಲಿ ಮಡಿಲಲ್ಲಿ ಕೂರುವಷ್ಟು ಪುಟ್ಟ ನಾಯಿಗಳೂ ಇವೆ ಎಂಬುದನ್ನು ಪಟ್ಟಿ ಮಾಡಿದವರು ಗಮನಿಸಿದಂತೆ ಕಾಣಲಿಲ್ಲ.

ನಮ್ಮ ಕರ್ನಾಟಕ ಉಚ್ಚ ನ್ಯಾಯಾಲಯವು ಅದೇ ವರ್ಷ ಏಪ್ರಿಲ್ 10ರಂದು ಈ ಸುತ್ತೋಲೆಯನ್ನು ರದ್ದುಪಡಿಸಿತು. ಸಂಬಂಧಪಟ್ಟವರ ಅಹವಾಲನ್ನು ಕೇಳದೆ ಇಂಥ ಆದೇಶ ಹೊರಡಿಸಲಾಗದು ಎಂಬುದು ಮುಖ್ಯ ಕಾರಣ. ಕಾನೂನಿನ ಕ್ರಮ ಅನುಸರಿಸಿ ಹೊಸದಾಗಿ ನಿರ್ಧರಿಸಲು ಸರ್ಕಾರಕ್ಕೆ ಅವಕಾಶವನ್ನೂ ಬಿಟ್ಟಿತು. ಎಂದರೆ, ನ್ಯಾಯಾಲಯ ತೀರ್ಮಾನಿಸಿದ್ದು ಕ್ರಮದ ಪ್ರಶ್ನೆಯನ್ನು. ಜಾತಿ ನೋಡಿ ನಾಯಿಯನ್ನು ಅಪರಾಧಿ ಎನ್ನಬಹುದೇ ಎಂಬ ಮೂಲ ಪ್ರಶ್ನೆಯನ್ನು ನಾವೇ ವಿಚಾರಮಾಡಬೇಕಾಗಿದೆ.

ಕಾಲಕ್ಕೊಂದು ಖಳನಾಯಕ

ಕೆಟ್ಟ ಹೆಸರೆಂಬುದು ಒಂದೇ ತಳಿಗೆ ಅಂಟಿಕೊಂಡು ಕುಳಿತದ್ದಲ್ಲ. ಕಾಲಕ್ಕೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ದಾಟುತ್ತಾ ಬಂದಿದೆ. ನಮ್ಮ ಹಿರಿಯರ ತೋಟಗಳಲ್ಲಿ ಎಲ್ಲರಿಗೂ ಪರಿಚಿತವಾದ ಅಲ್ಸೇಷಿಯನ್ ನಾಯಿಯ ಚರಿತ್ರೆಯನ್ನೇ ತೆಗೆದುಕೊಳ್ಳಿ. ಇದರ ನಿಜವಾದ ಹೆಸರು ಜರ್ಮನ್ ಕುರಿಕಾಯುವ ನಾಯಿ. ಮೊದಲನೆಯ ಮಹಾಯುದ್ಧದ ಬಳಿಕ ಜರ್ಮನ್ ಎಂಬ ಮಾತೇ ಬ್ರಿಟಿಷರಿಗೆ ಬೇಡವಾಗಿ, ಅಲ್ಲಿ ಇದಕ್ಕೆ ‘ಅಲ್ಸೇಷಿಯನ್ ತೋಳನಾಯಿ’ ಎಂದು ಹೊಸ ಹೆಸರು ಕೊಟ್ಟರು. ತೋಳ ಎಂಬ ಪದ ಜನರಲ್ಲಿ ಭೀತಿಯನ್ನು ಬೆಳೆಸಿತು. ಆಸ್ಟ್ರೇಲಿಯಾದಲ್ಲಿ ಈ ನಾಯಿಯು ಅಲ್ಲಿನ ಕಾಡುನಾಯಿ ಡಿಂಗೋ ಜೊತೆ ಕೂಡಿ ಕುರಿಗಳನ್ನು ಕೊಲ್ಲುವ ಸಂತತಿಯನ್ನು ಹುಟ್ಟಿಸೀತೆಂದು ಕುರಿ ಸಾಕುವವರು ಗಲಾಟೆಯೆಬ್ಬಿಸಿದ್ದರಿಂದ 1929ರಲ್ಲಿ ಅದರ ಆಮದನ್ನೇ ನಿಷೇಧಿಸಲಾಯಿತು. ಈ ನಿಷೇಧ ಸಡಿಲವಾಗಲು 1970ರ ದಶಕದವರೆಗೆ ಕಾಯಬೇಕಾಯಿತು. ಕುರಿ ಕಾಯಲೆಂದೇ ಬೆಳೆಸಿದ ನಾಯಿಗೆ ಕುರಿ ಕೊಲ್ಲುವ ಆರೋಪ! ಇಂದು ಅದೇ ನಾಯಿ ಪೊಲೀಸರ, ಸೈನ್ಯದ, ಕುರುಡರಿಗೆ ದಾರಿ ತೋರಿಸುವವರ ನೆಚ್ಚಿನ ಸಂಗಾತಿ.

ಆಮೇಲೆ ಡಾಬರ್‌ಮನ್ ಸರದಿ. ಇದರ ತಲೆಬುರುಡೆ ಚಿಕ್ಕದು, ಮೆದುಳು ಬೆಳೆದು ಬುರುಡೆಗೆ ಒತ್ತಿದಾಗ ಹುಚ್ಚು ಹಿಡಿದು ಯಜಮಾನನನ್ನೇ ಕೊಲ್ಲುತ್ತದೆ ಎಂಬ ಕಥೆಯನ್ನು ನಮ್ಮ ಕಡೆಯಲ್ಲೂ ಕೇಳದವರಿಲ್ಲ. ಇದು ಶುದ್ಧ ಕಟ್ಟುಕಥೆ. ಯಾವ ನಾಯಿಯ ಮೆದುಳೂ ಹಾಗೆ ಬುರುಡೆ ಮೀರಿ ಬೆಳೆಯುವುದಿಲ್ಲ. ಮುಂದೆ ರಾಟ್‌ವೀಲರ್ ಬಂತು. ಜರ್ಮನಿಯ ರಾಟ್‌ವೈಲ್ ಪಟ್ಟಣದಲ್ಲಿ ದನ ಹೊಡೆದುಕೊಂಡು ಹೋಗಲು, ಕಸಾಯಿಯವರ ಗಾಡಿ ಎಳೆಯಲು ಇದ್ದ ನಾಯಿ ಅದು. ಈಗ ಪಿಟ್‌ಬುಲ್. ಅದರ ದವಡೆ ಕಚ್ಚಿದ ಮೇಲೆ ಬೀಗ ಹಾಕಿದಂತೆ ಸಿಕ್ಕಿಕೊಳ್ಳುತ್ತದೆ ಎಂಬುದು ಇನ್ನೊಂದು ಕಥೆ. ಅದರ ದವಡೆಯ ರಚನೆಯೂ ಬೇರೆ ನಾಯಿಗಳಂತೆಯೇ. ಬೀಗವೂ ಇಲ್ಲ, ಕೀಲಿಯೂ ಇಲ್ಲ.

ಒಂದು ಕಾಲದಲ್ಲಿ ಅಷ್ಟೊಂದು ಹೆದರಿಸಿದ್ದ ಅಲ್ಸೇಷಿಯನ್ ಮತ್ತು ಡಾಬರ್‌ಮನ್ 2024ರ ಪಟ್ಟಿಯಲ್ಲಿ ಇರಲೇ ಇಲ್ಲ. ಆ ನಾಯಿಗಳ ರಕ್ತ ಬದಲಾಯಿತೇ? ಇಲ್ಲ, ಜನರ ಭಯ ಬೇರೆ ಕಡೆ ತಿರುಗಿತು, ಅಷ್ಟೆ.

ಶಾಸ್ತ್ರಜ್ಞರ ಮಾತು

2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅಮೆರಿಕದ ವಿಜ್ಞಾನಿಗಳು ಒಂದು ದೊಡ್ಡ ಅಧ್ಯಯನ ಪ್ರಕಟಿಸಿದರು. ಹದಿನೆಂಟು ಸಾವಿರಕ್ಕೂ ಹೆಚ್ಚು ನಾಯಿಗಳ ಸ್ವಭಾವದ ಬಗ್ಗೆ ಸಾಕಿದವರಿಂದ ವಿವರ ಪಡೆದು, ಎರಡು ಸಾವಿರಕ್ಕೂ ಹೆಚ್ಚು ನಾಯಿಗಳ ವಂಶವಾಹಿಗಳನ್ನು ಪರೀಕ್ಷಿಸಿದ್ದರು. ನಾಯಿ ನಾಯಿಗೂ ಸ್ವಭಾವದಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು ಶೇಕಡಾ 9 ಮಾತ್ರ ಎಂಬುದು ಅವರ ತೀರ್ಮಾನ. ಒಂದೇ ತಳಿಯ ಎರಡು ನಾಯಿಗಳ ನಡುವೆಯೇ ಅಜಗಜಾಂತರವಿರಬಹುದು.

2007ರಲ್ಲಿ ಅಮೆರಿಕದ ಪ್ರಸಿದ್ಧ ಫುಟ್‌ಬಾಲ್ ಆಟಗಾರ ಮೈಕಲ್ ವಿಕ್ ನಾಯಿ ಕಾಳಗ ನಡೆಸುತ್ತಿದ್ದ ಪ್ರಕರಣದಲ್ಲಿ ಸಿಕ್ಕಿಬಿದ್ದ. ಅಲ್ಲಿಂದ ಐವತ್ತರಷ್ಟು ಪಿಟ್‌ಬುಲ್ ನಾಯಿಗಳನ್ನು ವಶಪಡಿಸಿಕೊಂಡರು. ಕಾಳಗಕ್ಕೆಂದೇ ಇಟ್ಟುಕೊಂಡವು, ಹೊಡೆತ ತಿಂದು ಬೆಳೆದವು. ಇವನ್ನೆಲ್ಲ ಕೊಲ್ಲುವುದೊಂದೇ ದಾರಿ ಎಂದವರು ಬಹಳ. ಆದರೆ ನ್ಯಾಯಾಲಯ ಒಂದೊಂದು ನಾಯಿಯನ್ನೂ ತಜ್ಞರಿಂದ ಪ್ರತ್ಯೇಕವಾಗಿ ಪರೀಕ್ಷೆ ಮಾಡಿಸಿತು. ಆಕ್ರಮಣಶೀಲ ಸ್ವಭಾವದ ಕಾರಣಕ್ಕೆ ಕೊಲ್ಲಬೇಕಾಗಿ ಬಂದದ್ದು ಒಂದೇ ಒಂದು ನಾಯಿಯನ್ನು. ಹೆಚ್ಚಿನವು ಆಶ್ರಯಧಾಮಗಳಿಗೆ ಹೋದವು, ಎಷ್ಟೋ ನಾಯಿಗಳು ಸಂಸಾರಸ್ಥರ ಮನೆ ಸೇರಿದವು. ಜಾತಿ ನೋಡಿ ತೀರ್ಪು ಕೊಟ್ಟಿದ್ದರೆ ಎಲ್ಲವೂ ಸಾಯುತ್ತಿದ್ದವು.

ನಿಷೇಧ ಮಾಡಿ ನೋಡಿದ ದೇಶಗಳ ಅನುಭವವೂ ಇದೆ. ನೆದರ್ಲೆಂಡ್ಸ್ 1993ರಲ್ಲಿ ಪಿಟ್‌ಬುಲ್ ನಾಯಿಗಳನ್ನು ನಿಷೇಧಿಸಿ, ಕಚ್ಚುವ ಪ್ರಕರಣಗಳು ಕಡಿಮೆಯಾಗಲಿಲ್ಲವೆಂದು 2008ರಲ್ಲಿ ಅದನ್ನು ಕೈಬಿಟ್ಟಿತು. ಇಟಲಿಯೂ ತಳಿಗಳ ಉದ್ದನೆಯ ಪಟ್ಟಿಯನ್ನು 2009ರಲ್ಲಿ ಬದಿಗಿಟ್ಟು, ಸಾಕುವವರ ಹೊಣೆಯನ್ನು ಮುಂದೆ ತಂದಿತು. ಇಂಗ್ಲೆಂಡ್ ಮಾತ್ರ 1991ರ ತನ್ನ ಕಾಯಿದೆಗೆ ಅಂಟಿಕೊಂಡು 2023ರ ಕೊನೆಯಲ್ಲಿ ಎಕ್ಸ್‌ಎಲ್ ಬುಲ್ಲಿ ಎಂಬ ಇನ್ನೊಂದು ಬಗೆಯನ್ನು ಪಟ್ಟಿಗೆ ಸೇರಿಸಿತು. ಪಟ್ಟಿ ಬೆಳೆಯಿತೇ ಹೊರತು ಕಾಟ ತೀರಲಿಲ್ಲ.

ಇನ್ನೊಂದು ಪಕ್ಷದ ವಾದ

ಎದುರು ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಅಮೆರಿಕದಲ್ಲಿ 1979ರಿಂದ 1998ರವರೆಗಿನ ಇಪ್ಪತ್ತು ವರ್ಷಗಳಲ್ಲಿ ನಾಯಿಗಳ ದಾಳಿಯಿಂದ ಸತ್ತ 238 ಜನರ ಪ್ರಕರಣಗಳನ್ನು ಪರಿಶೀಲಿಸಿದಾಗ, ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಪಿಟ್‌ಬುಲ್ ಮಾದರಿಯ ನಾಯಿಗಳು ಹಾಗೂ ರಾಟ್‌ವೀಲರ್‌ಗಳು ಇದ್ದವು. ದೊಡ್ಡ ದೇಹ, ಬಲವಾದ ದವಡೆಯ ನಾಯಿ ಕಚ್ಚಿದರೆ ಗಾಯ ಆಳವಾಗುತ್ತದೆ, ಮಗುವಿಗಾದರೆ ಪ್ರಾಣವೇ ಹೋಗಬಹುದು. ಇದನ್ನು ಮುಚ್ಚಿಡುವುದು ನ್ಯಾಯವಲ್ಲ. ಆದರೆ ಅದೇ ವರದಿ ಕನಿಷ್ಠ 25 ತಳಿಗಳು ಜನರನ್ನು ಕೊಂದಿದ್ದವೆಂದೂ ಹೇಳಿತು. ತಳಿಯನ್ನು ನಿಖರವಾಗಿ ಗುರುತಿಸುವುದೇ ಕಷ್ಟವಾದ್ದರಿಂದ ತಳಿವಾರು ಕಾನೂನಿಗೆ ತೊಡಕುಗಳಿವೆ ಎಂದೂ ಎಚ್ಚರಿಸಿತು.

ಬೆಳೆಗಾರರಿಗೆ ಇದನ್ನು ತಿಳಿಸಲು ದೂರ ಹೋಗಬೇಕಾಗಿಲ್ಲ. ಅರೇಬಿಕಾ ಗಿಡಕ್ಕೆ ಕಾಂಡಕೊರಕದ ಕಾಟ ಹೆಚ್ಚು, ರೊಬಸ್ಟಾಕ್ಕೆ ಅದರ ಭಯವಿಲ್ಲ. ತಳಿಗೆ ಅದರದೇ ಪಾಲು ಇದ್ದೇ ಇದೆ. ಆದರೆ ನೆರಳು ಕಡಿದು ಬಿಸಿಲು ಬೀಳಿಸಿದ ತುಂಡಿನಲ್ಲಿ ಬೋರರ್ ಹೆಚ್ಚುತ್ತದೆ, ನೆರಳು ಕಾಪಾಡಿ ಸಕಾಲದಲ್ಲಿ ಹುಳು ಬಿದ್ದ ಗಿಡ ಕಿತ್ತವನ ತೋಟ ಉಳಿಯುತ್ತದೆ. ನೆರಳು ಕಡಿದ ಯಜಮಾನ ಅರೇಬಿಕಾವನ್ನು ಬೈದರೆ ನಾವು ನಗುತ್ತೇವೆ. ನಾಯಿಯ ವಿಷಯದಲ್ಲಿ ಮಾತ್ರ ಆ ವಿವೇಕವನ್ನೇಕೆ ಬಿಡಬೇಕು?

ನಮ್ಮ ತೋಟದ ನಾಯಿ

ನಮ್ಮಲ್ಲಿ ನಾಯಿ ಕಚ್ಚುವುದು ಹೇಗೆ ನಡೆಯುತ್ತದೆಂದು ನೋಡೋಣ. ದುಬಾರಿ ಬೆಲೆ ಕೊಟ್ಟು ಮರಿ ತರುತ್ತಾರೆ. ಜನರ ರೂಢಿಯಾದರೆ ಕಾವಲಿಗೆ ಆಗದೆಂದು ಅದನ್ನು ಯಾರ ಹತ್ತಿರವೂ ಬಿಡುವುದಿಲ್ಲ. ಮೂರು ತಿಂಗಳಿಗೇ ಕುತ್ತಿಗೆಗೆ ಸರಪಳಿ. ಬೆಳಗಿನಿಂದ ಸಂಜೆಯವರೆಗೆ ಒಂದೇ ಕಂಬ, ಒಂದೇ ಗೋಡೆ. ರಾತ್ರಿ ಬಿಚ್ಚಿಬಿಡುತ್ತಾರೆ. ಮನೆಯ ಮೂರು ಜನರ ಹೊರತು ಜಗತ್ತಿನಲ್ಲಿ ಎಲ್ಲರೂ ಶತ್ರುಗಳೆಂದು ಆ ಪ್ರಾಣಿ ಕಲಿಯುವುದು ಹೀಗೆ. ಮುಂಜಾನೆ ಸರಪಳಿ ಹಾಕುವುದು ತುಸು ತಡವಾದ ದಿನ ಅದರ ಬಾಯಿಗೆ ಸಿಗುವವರು ಯಾರು? ಕಳ್ಳನಲ್ಲ. ಅಡಿಕೆ ಸುಲಿಯಲು ಬರುವ ಹೆಂಗಸು, ಕೊನೆಗಾರ, ಹಾಲು ಹಾಕುವ ಹುಡುಗ, ಅಂಚೆಯವರು, ಲೈನ್ ಮನೆಯ ಮಗು. 1994ರಲ್ಲಿ ಪ್ರಕಟವಾದ ಅಮೆರಿಕದ ಡೆನ್ವರ್ ನಗರದ ಅಧ್ಯಯನವೂ, ಕೆಲವು ತಳಿಗಳ ಹೆಸರು ಹೇಳಿದ್ದರ ಜೊತೆಗೆ, ಕಚ್ಚಿದ ನಾಯಿಗಳಲ್ಲಿ ಅಂಗಳದಲ್ಲಿ ಸರಪಳಿಗೆ ಕಟ್ಟಿದವು ಮತ್ತು ಶಸ್ತ್ರಚಿಕಿತ್ಸೆಯಾಗದ ಗಂಡು ನಾಯಿಗಳು ಹೆಚ್ಚೆಂದು ಕಂಡುಕೊಂಡಿತ್ತು.

ಕಚ್ಚಿದ ಮೇಲೆ ಕೇಳಿಬರುವ ಮಾತು ಒಂದೇ: “ಏನು ಮಾಡುವುದು, ಆ ಜಾತಿಯೇ ಹಾಗೆ.” ಕಂತ್ರಿ ನಾಯಿ ಕಚ್ಚಿದರೆ ಈ ಮಾತೂ ಇಲ್ಲ, ಲೆಕ್ಕಕ್ಕೇ ಬರುವುದಿಲ್ಲ. ಆದರೆ ರೇಬಿಸ್ ರೋಗಕ್ಕೆ ಜಾತಿಯಿಲ್ಲ. ಚುಚ್ಚುಮದ್ದು ಹಾಕಿಸದ ಪುಟ್ಟ ಕಂತ್ರಿ ನಾಯಿಯ ಒಂದು ಗೀರು, ಚುಚ್ಚುಮದ್ದು ಹಾಕಿಸಿದ ರಾಟ್‌ವೀಲರ್‌ನ ದೊಡ್ಡ ಗಾಯಕ್ಕಿಂತ ಮಾರಕವಾಗಬಹುದು.

ಇದಕ್ಕೆ ಹೊಸ ಕಾನೂನು ಬೇಕಾಗಿಲ್ಲ. ಸದಾ ಕಟ್ಟಿಹಾಕಿದ ನಾಯಿಗೆ ಓಡಾಟ ಕೊಡದಿರುವುದು, ತೀರಾ ಗಿಡ್ಡ ಅಥವಾ ಭಾರದ ಸರಪಳಿಯಲ್ಲಿ ಬಹುಕಾಲ ಕಟ್ಟುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೇ ಕಲಮಿನಂತೆ ಅಪರಾಧ. ಪ್ರಾಣಿಯಿಂದ ಅಪಾಯವಾಗದಂತೆ ನೋಡಿಕೊಳ್ಳದ ಯಜಮಾನನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಂತೆ ಆರು ತಿಂಗಳವರೆಗೆ ಸಜೆ, ಐದು ಸಾವಿರ ರೂಪಾಯಿಯವರೆಗೆ ದಂಡ ಅಥವಾ ಎರಡೂ ಆಗಬಹುದು. ಈ ಎರಡೂ ಕಾನೂನುಗಳು ನಾಯಿಯ ಜಾತಿಯನ್ನು ಕೇಳುವುದಿಲ್ಲ, ಯಜಮಾನ ಏನು ಮಾಡಿದನೆಂದು ಕೇಳುತ್ತವೆ. ಅದೇ ಸರಿಯಾದ ಪ್ರಶ್ನೆ.

ನಮ್ಮ ನಾಡಿಗೆ ಈ ವಿವೇಕ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸುಮಾರು ಕ್ರಿ.ಶ. 949ರ ವೀರಗಲ್ಲೊಂದು ದೊರೆತಿದೆ. ಹಂದಿಯೊಡನೆ ಹೋರಾಡಿ ಮಡಿದ ‘ಕಾಳಿ’ ಎಂಬ ನಾಯಿಯ ನೆನಪಿಗೆ ಹಾಕಿಸಿದ ಕಲ್ಲದು. ಕಾದುವ ನಾಯಿಯನ್ನು ನಮ್ಮ ಪೂರ್ವಿಕರು ಅದರ ಹೆಸರಿನಿಂದ, ಅದರ ಕೆಲಸದಿಂದ ಗುರುತಿಸಿದರು.

ಸದಸ್ಯರಲ್ಲಿ ಬಿನ್ನಹ

ಕೊನೆಯದಾಗಿ ಕೆಲವು ಸಲಹೆಗಳನ್ನು ಮುಂದಿಡುತ್ತೇವೆ.

1. ಕಚ್ಚುತ್ತದೆ ಎಂಬ ಖ್ಯಾತಿ ಕೇಳಿ ಮರಿ ಕೊಳ್ಳಬೇಡಿ. ಕಾವಲಿಗೆ ಬೇಕಾದದ್ದು ಬೊಗಳಿ ಎಬ್ಬಿಸುವ ನಾಯಿ. ಹಿಡಿಯುವ ಕೆಲಸ ನಿಮಗೂ ಪೊಲೀಸರಿಗೂ ಇರಲಿ.

2. ಮರಿಯಿದ್ದಾಗಲೇ ತೋಟದ ಆಳುಕಾಳುಗಳು, ಮಕ್ಕಳು, ದನಕರುಗಳ ರೂಢಿ ಮಾಡಿಸಿ. ಮನೆಯವರನ್ನೂ ಕೆಲಸದವರನ್ನೂ ಬಲ್ಲ ನಾಯಿಯೇ ಹೊಸಬನನ್ನು ಗುರುತಿಸಬಲ್ಲದು.

3. ಹಗಲಿಡೀ ಸರಪಳಿ ಬೇಡ. ಬೇಲಿ ಹಾಕಿದ ಆವರಣ ಮಾಡಿ, ದಿನಕ್ಕೆರಡು ಬಾರಿ ಹಗ್ಗ ಹಿಡಿದು ತಿರುಗಾಡಿಸಿ. ಚಿರತೆಯಿರುವ ಕಡೆ ರಾತ್ರಿ ಗೂಡಿನೊಳಗೆ ಸೇರಿಸಿ. ಕಟ್ಟಿದ ನಾಯಿ ಚಿರತೆಗೆ ಸುಲಭದ ತುತ್ತು.

4. ಮೂರು ತಿಂಗಳಿಗೆ ರೇಬಿಸ್ ಚುಚ್ಚುಮದ್ದು, ಆಮೇಲೆ ಪಶುವೈದ್ಯರು ಹೇಳಿದಂತೆ ಪ್ರತಿವರ್ಷ. ಲೈನ್ ಮನೆಗಳ ಕಂತ್ರಿ ನಾಯಿಗಳಿಗೂ ನಿಮ್ಮ ಖರ್ಚಿನಲ್ಲೇ ಹಾಕಿಸಿ.

5. ಯಾರಿಗಾದರೂ ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಸುಣ್ಣ, ಮೆಣಸಿನಪುಡಿ ಹಚ್ಚಬೇಡಿ. ಚುಚ್ಚುಮದ್ದಿನ ಎಲ್ಲ ಸರದಿಗಳೂ ಮುಗಿಯುವವರೆಗೆ ವಾಹನದ ವ್ಯವಸ್ಥೆ ಮತ್ತು ಆ ದಿನಗಳ ಕೂಲಿ ನಾಯಿಯ ಯಜಮಾನನದೇ ಹೊಣೆ.

ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಅಂದು ಸಂಘದ ಗೋದಾಮಿನ ಆವರಣದಲ್ಲಿ ಪಶುವೈದ್ಯ ಇಲಾಖೆಯ ಸಹಕಾರದಿಂದ ಚುಚ್ಚುಮದ್ದಿನ ಶಿಬಿರ ನಡೆಸಬೇಕೆಂಬ ಪ್ರಸ್ತಾವವನ್ನು ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಇಡಲಿದ್ದೇವೆ. ಅಲ್ಸೇಷಿಯನ್, ರಾಟ್‌ವೀಲರ್, ಮುಧೋಳ, ಕಂತ್ರಿ, ಎಲ್ಲವನ್ನೂ ಕರೆತನ್ನಿ. ನೋಂದಣಿ ಪುಸ್ತಕದಲ್ಲಿ ನಾಯಿಯ ಹೆಸರು, ಚುಚ್ಚುಮದ್ದಿನ ದಿನಾಂಕ ಹಾಗೂ ಯಜಮಾನರ ಹೆಸರು ಬರೆದುಕೊಳ್ಳುತ್ತೇವೆ. ಜಾತಿಗೆ ಅಂಕಣ ಇರುವುದಿಲ್ಲ.