ಟೇಬಲ್ಲಿಗೆ ಉಡುಗೆ

ಟೇಬಲ್ಲೆಂದೊಡನೆ ತಮ್ಮ ಕಣ್ಣ ಮುಂದೆ ನಾಲ್ಕು ಕಾಲಿನ ಮೇಜು ಬಂದು ನಿಂತರೆ ಅದು ತಮ್ಮ ತಪ್ಪಲ್ಲ. ಶಾಲೆಯ ಮಕ್ಕಳಿಗೆ ಟೇಬಲ್ಲೆಂದರೆ ಮಗ್ಗಿ. ದಿನವೂ ಡೊಂಬಿವಿಲಿಯಿಂದ ಲೋಕಲ್ ಹಿಡಿಯುವ ನನ್ನಂಥವನಿಗೆ ರೈಲಿನ ವೇಳಾಪಟ್ಟಿ. ನಾನಿಂದು ಹೇಳಹೊರಟಿರುವುದು ಗೆರೆಯೆಳೆದು ಅಂಕಿ ತುಂಬಿದ ಕೋಷ್ಟಕದ ವಿಚಾರ. ಅದೂ ಕಾಗದದ ಮೇಲಿನದಲ್ಲ, ಜಾಲಪುಟದ ಮೇಲಿನದು. ಸಂಘದ ಕಾರ್ಯದರ್ಶಿಗಳು ಈಚೆಗೆ ವಂತಿಗೆಯ ಲೆಕ್ಕವನ್ನೂ ವಿದ್ಯಾರ್ಥಿವೇತನದ ಪಟ್ಟಿಯನ್ನೂ ನಮ್ಮ ಜಾಲಪುಟದಲ್ಲಿ ಹಾಕಿಸಿದ್ದಾರಷ್ಟೆ. ಅದನ್ನು ಕಂಡ ತರುಣ ಸದಸ್ಯರಿಬ್ಬರು, “ಲೆಕ್ಕವೇನೋ ಸರಿಯಾಗಿದೆ, ನೋಟ ಸಾಲದು. ಇದಕ್ಕೆ ಒಪ್ಪ ಕೊಡುವ ಬಗೆಯನ್ನು ನಿಮ್ಮ ಅಂಕಣದಲ್ಲಿ ಬರೆಯಿರಿ” ಎಂದು ಕೇಳಿದ್ದಾರೆ. ಹಗಲೆಲ್ಲ ಕಚೇರಿಯಲ್ಲಿ ಕೋಷ್ಟಕ ತುಂಬಿದವನಿಗೆ ರಾತ್ರಿಯೂ ಕೋಷ್ಟಕವೇ! ಆಗಲಿ. ಬಿ.ಎ. ತರಗತಿಯಲ್ಲಿ ಇತಿಹಾಸ ಓದಿದವನ ಪಾಲಿಗೆ ಕಚೇರಿಯ ಜಾಲಪುಟದ ಕೆಲಸ ಬಂದು ಬಿದ್ದು ಕೆಲವು ವರ್ಷಗಳಾದುವು; ಕಲಿತದ್ದನ್ನು ನಾಲ್ವರಿಗೆ ಹೇಳಿದರೆ ನಷ್ಟವೇನೂ ಇಲ್ಲ.

ಮೊದಲು ತಿಳಿಯಬೇಕಾದುದು ಒಂದೇ ಮಾತು. ಜಾಲಪುಟದಲ್ಲಿ ಕೋಷ್ಟಕದ ಒಡಲು ಬೇರೆ, ಉಡುಗೆ ಬೇರೆ. ಒಡಲನ್ನು ಹೇಳುವುದು ಎಚ್‌ಟಿಎಂಎಲ್ ಎಂಬ ಬರವಣಿಗೆಯ ಕ್ರಮ. ಇದು ಕೋಷ್ಟಕ, ಇದು ಅದರೊಳಗಿನ ಒಂದು ಸಾಲು, ಇದು ಸಾಲಿನೊಳಗಿನ ಒಂದು ಮನೆ, ಇದು ಅಂಕಣದ ತಲೆಬರಹ ಎಂದಷ್ಟೇ ಅದು ಹೇಳುತ್ತದೆ. ಸಾಲಿಗೆ ‘ಟಿಆರ್’, ಸಾಮಾನ್ಯ ಮನೆಗೆ ‘ಟಿಡಿ’, ತಲೆಬರಹದ ಮನೆಗೆ ‘ಟಿಎಚ್’ ಎಂಬ ಗುರುತುಗಳಿವೆ. ಗೆರೆ ದಪ್ಪವೋ ತೆಳುವೋ, ಅಂಕಿ ಎಡಕ್ಕೋ ಬಲಕ್ಕೋ, ಬಣ್ಣ ಯಾವುದು ಎಂಬುದನ್ನೆಲ್ಲ ಹೇಳುವುದು ಬೇರೊಂದು ಹಾಳೆ. ಅದೇ ಸಿಎಸ್‌ಎಸ್, ಎಂದರೆ ಸ್ಟೈಲ್ ಶೀಟು.

ಇವೆರಡೂ ಹುಟ್ಟಿನಿಂದಲೇ ಬೇರೆಯಾಗಿದ್ದುವೆಂದು ತಿಳಿಯಬೇಡಿ. 1995ರಲ್ಲಿ ನೆಟ್‌ಸ್ಕೇಪ್ ಎಂಬ ಬ್ರೌಸರು ಕೋಷ್ಟಕಗಳನ್ನು ತೋರಿಸತೊಡಗಿದಾಗ ಉಡುಗೆಯನ್ನೂ ಒಡಲಿನ ಮೇಲೆಯೇ ಹೊಲಿಯುತ್ತಿದ್ದರು. ನೂರು ಮನೆಗಳಿದ್ದರೆ ನೂರು ಮನೆಗಳ ಮೇಲೂ ಬಣ್ಣದ ಹೆಸರು, ಅಕ್ಷರದ ಹೆಸರು! ತಿಳಿ ಹಳದಿ ಬೇಡ, ತಿಳಿ ನೀಲಿಯಾಗಲಿ ಎಂದು ಮೇಲಧಿಕಾರಿಗಳ ಮನಸ್ಸು ಬದಲಾಯಿಸಿತೋ, ನೂರು ಕಡೆಯೂ ತಿದ್ದುವ ಶಿಕ್ಷೆ. ಹೋಕಾನ್ ವಿಯುಮ್ ಲೀ ಎಂಬ ನಾರ್ವೆಯ ಗೃಹಸ್ಥರು ಜಿನೀವಾದ ಸರ್ನ್ ಪ್ರಯೋಗಶಾಲೆಯಲ್ಲಿದ್ದಾಗ, 1994ರ ಅಕ್ಟೋಬರಿನಲ್ಲಿ, ಉಡುಗೆಯನ್ನು ಬೇರೆ ಹಾಳೆಯಲ್ಲಿ ಬರೆಯೋಣವೆಂಬ ಸಲಹೆಯನ್ನು ಮುಂದಿಟ್ಟಿದ್ದರು. ಬರ್ಟ್ ಬಾಸ್ ಎಂಬವರು ಅವರೊಡನೆ ಕೂಡಿಕೊಂಡರು. 1996ರ ಡಿಸೆಂಬರಿನಲ್ಲಿ ಮೊದಲನೆಯ ಸಿಎಸ್‌ಎಸ್ ಹೊರಬಂತು. ಆದರೆ ಕೋಷ್ಟಕಗಳಿಗೆಂದೇ ಒಂದು ಅಧ್ಯಾಯ ದೊರೆತುದು 1998ರ ಎರಡನೆಯ ಆವೃತ್ತಿಯಲ್ಲಿ.

ಅಷ್ಟರೊಳಗೆ ಬೇರೊಂದು ವಿನೋದ ನಡೆದುಹೋಗಿತ್ತು. ಪುಟವನ್ನು ಅಂದವಾಗಿ ಜೋಡಿಸಲು ಬೇರೆ ಸಾಧನವಿಲ್ಲದ ಆ ಕಾಲದಲ್ಲಿ ಜನ ಇಡೀ ಪುಟವನ್ನೇ ಒಂದು ಕೋಷ್ಟಕವನ್ನಾಗಿ ಮಾಡಿ, ಅದರ ಮನೆಗಳಲ್ಲಿ ಚಿತ್ರ, ಬರಹ, ಜಾಹೀರಾತುಗಳನ್ನೆಲ್ಲ ತುರುಕುತ್ತಿದ್ದರು. ಕೋಷ್ಟಕದೊಳಗೆ ಕೋಷ್ಟಕ, ಅದರೊಳಗೆ ಇನ್ನೊಂದು. ಈ ವಿದ್ಯೆಯನ್ನು 1996ರಲ್ಲಿ ಪುಸ್ತಕ ಬರೆದು ಕಲಿಸಿದ ಡೇವಿಡ್ ಸೀಗಲ್ ಎಂಬಾತನೇ ಮರುವರ್ಷ, ಜಾಲ ಕೆಟ್ಟುಹೋಯಿತು, ಕೆಡಿಸಿದವನು ನಾನೇ ಎಂಬರ್ಥದ ಲೇಖನವನ್ನೂ ಬರೆದ! ಈಗ ಪುಟ ಜೋಡಿಸಲು ಬೇರೆ ಬೇಕಾದಷ್ಟು ಅನುಕೂಲಗಳಿವೆ. ಕೋಷ್ಟಕ ಮತ್ತೆ ತನ್ನ ಕುಲಕಸುಬಾದ ಲೆಕ್ಕಕ್ಕೆ ಮರಳಿದೆ. ಅದು ಒಳ್ಳೆಯದೇ.

ಇನ್ನು ಉಡುಗೆಯ ವಿಚಾರ. ಏನೂ ಹೇಳದೆ ಬಿಟ್ಟರೆ ಬ್ರೌಸರು ಕೋಷ್ಟಕಕ್ಕೆ ಗೆರೆಯನ್ನೇ ಹಾಕುವುದಿಲ್ಲ. ಮನೆ ಮನೆಗಳ ನಡುವೆ ಕೂದಲೆಳೆಯಷ್ಟು ತೆರಪು ಬಿಟ್ಟು ಸುಮ್ಮನಾಗುತ್ತದೆ. ‘ಬಾರ್ಡರ್’ ಎಂದು ಗೆರೆ ಕೇಳಿದಿರೋ, ಪ್ರತಿಯೊಂದು ಮನೆಗೂ ಪ್ರತ್ಯೇಕ ಬೇಲಿ ಕಟ್ಟಿ, ಎರಡು ಬೇಲಿಗಳ ನಡುವೆ ಓಣಿ ಬಿಡುತ್ತದೆ. ದಾಯಾದಿಗಳ ಹಿತ್ತಿಲಿನ ಹಾಗೆ! ‘ಬಾರ್ಡರ್ ಕೊಲ್ಯಾಪ್ಸ್’ ಎಂಬ ಅಪ್ಪಣೆಯನ್ನು ಕೊಟ್ಟರೆ ಎರಡು ಬೇಲಿಗಳೂ ಕೂಡಿ ಒಂದಾಗುತ್ತವೆ. ಬಳಿಕ ‘ಪ್ಯಾಡಿಂಗ್’ ಎಂಬುದರಿಂದ ಅಂಕಿಗೂ ಗೆರೆಗೂ ನಡುವೆ ಉಸಿರಾಡುವಷ್ಟು ಜಾಗ ಕೊಡಬೇಕು. ಹೊಸಬರು ಇದರಲ್ಲಿಯೇ ಜಿಪುಣತನ ತೋರಿಸುತ್ತಾರೆ.

ಗೆರೆ ಎಷ್ಟಿರಬೇಕು? ನನ್ನನ್ನು ಕೇಳಿದರೆ, ಕಡಮೆಯಿದ್ದಷ್ಟೂ ಒಳ್ಳೆಯದು. ಹಿಂದಿನ ಗುಮಾಸ್ತರು ರೂಲುದೊಣ್ಣೆ ಉರುಳಿಸಿ ಕೈಯಿಂದ ಗೆರೆ ಎಳೆಯುತ್ತಿದ್ದುದರಿಂದ ಬೇಕಾದಷ್ಟನ್ನೇ ಎಳೆಯುತ್ತಿದ್ದರು. ಈಗ ಗೆರೆ ಪುಕ್ಕಟೆ. ಪುಕ್ಕಟೆಯಾದುದರಿಂದಲೇ ಕೋಷ್ಟಕ ಜೈಲಿನ ಕಿಟಕಿಯಂತೆ ಕಾಣತೊಡಗಿದೆ. ತಲೆಬರಹದ ಕೆಳಗೊಂದು, ಮೊತ್ತದ ಮೇಲೊಂದು ದಪ್ಪ ಗೆರೆ, ಸಾಲುಗಳ ನಡುವೆ ತೆಳುವಾದ ಬೂದುಗೆರೆ, ಇಷ್ಟು ಸಾಕು. ಉದ್ದನೆಯ ಪಟ್ಟಿಯಾದರೆ ಒಂದು ಬಿಟ್ಟು ಒಂದು ಸಾಲಿಗೆ ತಿಳಿಬಣ್ಣ ಬಳಿಯಬಹುದು. ‘ಎನ್‌ತ್ ಚೈಲ್ಡ್’ ಎಂಬ ಗುರುತಿನೊಡನೆ ‘ಈವನ್’ ಎಂದು ಬರೆದರೆ ಸಮಸಂಖ್ಯೆಯ ಸಾಲುಗಳು ತಾವಾಗಿಯೇ ಬಣ್ಣ ಹಚ್ಚಿಕೊಳ್ಳುತ್ತವೆ. ನಡುವೆ ಹೊಸ ಸದಸ್ಯರೊಬ್ಬರ ಹೆಸರು ಸೇರಿದರೂ ಬಣ್ಣದ ಸರದಿ ಕೆಡುವುದಿಲ್ಲ. ಹೆಸರುಗಳು ಎಡಕ್ಕೆ, ಅಂಕಿಗಳು ಬಲಕ್ಕೆ. ಬಿಡಿಯ ಕೆಳಗೆ ಬಿಡಿ, ಹತ್ತರ ಕೆಳಗೆ ಹತ್ತು ಬರುವುದು ಆಗಲೇ. ಪೈಸೆಯಿದ್ದರೆ ಎಲ್ಲ ಸಾಲಿಗೂ ಎರಡು ಸ್ಥಾನದವರೆಗೆ ಬರೆಯಬೇಕು. ಒಂದು ಕಡೆ 250, ಇನ್ನೊಂದು ಕಡೆ 75.50 ಎಂದರೆ ಸಾಲು ಸೊಟ್ಟಗಾಗುತ್ತದೆ. ಕೆಲವು ಅಚ್ಚುಗಳಲ್ಲಿ 1 ಎಂಬ ಅಂಕಿ ಸಣಕಲು, 8 ಧಡೂತಿ. ‘ಟ್ಯಾಬ್ಯುಲರ್ ನಮ್ಸ್’ ಎಂಬ ಅಪ್ಪಣೆಯಿತ್ತರೆ, ಅಚ್ಚಿನಲ್ಲಿ ಆ ಅನುಕೂಲವಿದ್ದ ಪಕ್ಷದಲ್ಲಿ, ಎಲ್ಲ ಅಂಕಿಗಳೂ ಒಂದೇ ಅಗಲಕ್ಕೆ ಬರುತ್ತವೆ.

ಇದೆಲ್ಲ ಬರಿಯ ಶೃಂಗಾರವೆಂದು ತಮಗೆ ತೋರಬಹುದು. ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ವೃದ್ಧೆಯೊಬ್ಬರಿದ್ದಾರೆ; ಊರು ಉಡುಪಿಯ ಕಡೆ. ಯಜಮಾನರು ತೀರಿಕೊಂಡ ಮೇಲೆ ಕುಟುಂಬ ಪಿಂಚಣಿಯೇ ಆಧಾರ. ಪಿಂಚಣಿಯ ದರ ಹೆಚ್ಚಿ, ಹಿಂದಿನ ಇಪ್ಪತ್ತನಾಲ್ಕು ತಿಂಗಳ ಬಾಕಿ ಅವರಿಗೆ ಬರಬೇಕಾಗಿತ್ತು. ಅದರ ಲೆಕ್ಕವನ್ನು ಸಂಬಂಧಪಟ್ಟ ಕಚೇರಿಯವರು ಜಾಲಪುಟದಲ್ಲಿ ಹಾಕಿದ್ದರು. ಯಾವ ಕಚೇರಿಯೆಂದು ಹೇಳಿ ಪ್ರಯೋಜನವಿಲ್ಲ. ನಾವೆಲ್ಲ ಒಂದೇ ಜಾತಿಯ ಗುಮಾಸ್ತರು. ಇಂಥ ಲೆಕ್ಕದಲ್ಲಿ ಮೊದಲು ತಿಂಗಳು, ಬಳಿಕ ಸಲ್ಲಬೇಕಾದ ಮೊತ್ತ, ಆಮೇಲೆ ಈಗಾಗಲೇ ಸಂದ ಮೊತ್ತ, ಕಟ್ಟಕಡೆಗೆ ಇವೆರಡರ ವ್ಯತ್ಯಾಸವಾದ ಬಾಕಿ, ಹೀಗೆ ಅಂಕಣಗಳಿರುತ್ತವೆ. ಅಮ್ಮನವರು ಅದನ್ನು ನೋಡಿದುದು ಮೊಬೈಲಿನಲ್ಲಿ. ಅಂಗೈಯಗಲದ ಗಾಜಿನ ಮೇಲೆ ಮೊದಲ ಎರಡು ಅಂಕಣಗಳು ಮಾತ್ರ ಹಿಡಿಸಿದ್ದುವು; ಉಳಿದ ಎರಡು ಅಂಚಿನಾಚೆ ಅಡಗಿದ್ದುವು. ಮೊತ್ತದ ಸಾಲಿಗೆ ಬರುವಷ್ಟರಲ್ಲಿ ತಲೆಬರಹವೂ ಮೇಲೆ ಸರಿದು ಕಣ್ಮರೆಯಾಗಿತ್ತು. ಕಂಡದ್ದು 6,84,000.

ಅವರು ಅದನ್ನೇ ಬಾಕಿಯೆಂದು ತಿಳಿದರು. ಮೊಮ್ಮಗಳ ಕಾಲೇಜಿನ ಶುಲ್ಕವನ್ನು ತಾವೇ ಕಟ್ಟುವುದಾಗಿ ಮಗಳಿಗೆ ಫೋನಿನಲ್ಲಿ ಹೇಳಿಯೂ ಬಿಟ್ಟರು. ಮಗಳು ಅದನ್ನು ನಂಬಿ, ಬೇರೆ ಕಡೆ ಗೊತ್ತುಮಾಡಿದ್ದ ಸಾಲವನ್ನು ಬೇಡವೆಂದಳು. ತಿಂಗಳ ಕೊನೆಗೆ ಬ್ಯಾಂಕಿಗೆ ಬಂದುದು 45,600. ಸಲ್ಲಬೇಕಾದುದು 6,84,000, ಸಂದದ್ದು 6,38,400, ಲೆಕ್ಕದಲ್ಲಿ ಒಂದು ಕಾಸಿನ ತಪ್ಪೂ ಇಲ್ಲ. ಅವರು ನನ್ನಲ್ಲಿಗೆ ಮೊಬೈಲು ಹಿಡಿದುಕೊಂಡು ಬಂದು, “ಅಲ್ಲ ಮಗಾ, ಅಷ್ಟೊಂದು ಹೇಗೆ ಅಂತ ನನಗೂ ಅನ್ನಿಸಿತ್ತು. ಆದರೆ ಸರಕಾರದವರೇ ಬರೆದದ್ದಲ್ವಾ?” ಎಂದರು. ನಾನು ಗಾಜನ್ನು ಪಕ್ಕಕ್ಕೆ ಸರಿಸಿ, ಅಡಗಿದ್ದ ಅಂಕಣಗಳನ್ನು ತೋರಿಸಿದೆ. “ಇದು ಇಲ್ಲಿ ಇತ್ತಾ?” ಎಂದು ಕೇಳಿದವರು ಮತ್ತೆ ಮಾತನಾಡಲಿಲ್ಲ. ಮಗಳು ಕಡೆಗೆ ಹೆಚ್ಚಿನ ಬಡ್ಡಿಗೆ ಸಾಲ ತಂದಳೆಂದು ಆಮೇಲೆ ತಿಳಿಯಿತು.

ಉಡುಗೆಯ ಹಾಳೆಯಲ್ಲಿ ನಾಲ್ಕು ಸಾಲು ಬರೆದಿದ್ದರೆ ಇದು ತಪ್ಪುತ್ತಿತ್ತು. ಕೋಷ್ಟಕವನ್ನು ಒಂದು ಪೆಟ್ಟಿಗೆಯೊಳಗಿಟ್ಟು, ಆ ಪೆಟ್ಟಿಗೆಗೆ ‘ಓವರ್‌ಫ್ಲೋ ಎಕ್ಸ್: ಆಟೋ’ ಎಂದು ಬರೆದರೆ ಪುಟ ಅಲ್ಲಾಡದೆ ಕೋಷ್ಟಕ ಮಾತ್ರ ಪಕ್ಕಕ್ಕೆ ಸರಿಯುತ್ತದೆ. ಅಂಚಿನಲ್ಲಿ ಚೂರು ನೆರಳನ್ನು ಹಾಕಿದರೆ ಆಚೆಗೆ ಇನ್ನೂ ಇದೆಯೆಂದು ನೋಡುವವರಿಗೆ ಹೊಳೆಯುತ್ತದೆ. ತಲೆಬರಹದ ಮನೆಗಳಿಗೆ ‘ಪೊಸಿಷನ್: ಸ್ಟಿಕಿ’ ಎಂದೂ ‘ಟಾಪ್: ಸೊನ್ನೆ’ ಎಂದೂ ಬರೆದರೆ ಪಟ್ಟಿ ಎಷ್ಟೇ ಮೇಲೆ ಸರಿದರೂ ತಲೆಬರಹ ತಲೆಯ ಮೇಲೆಯೇ ನಿಲ್ಲುತ್ತದೆ. ಇಲ್ಲಿ ಮೂರು ತೊಡಕುಗಳುಂಟು. ತಲೆಬರಹಕ್ಕೆ ಹಿನ್ನೆಲೆಯ ಬಣ್ಣ ಕೊಡದಿದ್ದರೆ ಕೆಳಗಿನ ಅಂಕಿಗಳು ಅದರ ಹಿಂದೆ ಹಾದುಹೋಗುವುದು ಕಂಡು ಕಲಸುಮೇಲೋಗರವಾಗುತ್ತದೆ. ಬೇಲಿಗಳನ್ನು ಕೂಡಿಸಿದ್ದಲ್ಲಿ, ತಲೆಬರಹ ನಿಂತರೂ ಅದರ ಗೆರೆ ಸಾಲುಗಳೊಡನೆ ಓಡಿಹೋಗುವುದುಂಟು. ಅಂಥ ಕಡೆ ಬೇಲಿ ಕೂಡಿಸುವುದನ್ನು ಬಿಟ್ಟು ‘ಬಾರ್ಡರ್ ಸ್ಪೇಸಿಂಗ್’ ಸೊನ್ನೆಯೆಂದು ಬರೆದು, ಮನೆಯ ಕೆಳಗಡೆ ಮಾತ್ರ ಗೆರೆ ಹಾಕಬೇಕು. ಮೂರನೆಯದಾಗಿ, ಕೋಷ್ಟಕವನ್ನು ಪೆಟ್ಟಿಗೆಯೊಳಗಿಟ್ಟ ಮೇಲೆ ತಲೆಬರಹ ಅಂಟಿಕೊಳ್ಳುವುದು ಪೆಟ್ಟಿಗೆಯ ಮೇಲಂಚಿಗೇ ಹೊರತು ಪರದೆಯ ಮೇಲಂಚಿಗಲ್ಲ. ಆದ್ದರಿಂದ ಪೆಟ್ಟಿಗೆಗೆ ‘ಮ್ಯಾಕ್ಸ್ ಹೈಟ್’ ಎಂದು ಎತ್ತರದ ಮಿತಿಯನ್ನೂ ಗೊತ್ತುಮಾಡಿ, ಮೇಲೆ ಕೆಳಗೂ ಅದರೊಳಗೇ ಸರಿಯುವಂತೆ ಬಿಡಬೇಕು. ಹಾಗೆಯೇ ತಿಂಗಳಿನ ಅಂಕಣಕ್ಕೆ ‘ಸ್ಟಿಕಿ’ಯೊಡನೆ ‘ಲೆಫ್ಟ್: ಸೊನ್ನೆ’ ಎಂದರೆ ಪಕ್ಕಕ್ಕೆ ಸರಿದಾಗಲೂ ಯಾವ ತಿಂಗಳ ಲೆಕ್ಕವೆಂಬುದು ಕಣ್ಣ ಮುಂದೆ ಇರುತ್ತದೆ. ಬಾಕಿಯ ಅಂಕಣವನ್ನು ಕಡೆಗಿಡದೆ ತಿಂಗಳ ಪಕ್ಕದಲ್ಲಿಯೇ ಇಟ್ಟಿದ್ದರೆ ಇನ್ನೂ ಸುಲಭವಾಗುತ್ತಿತ್ತು. ಅದಕ್ಕೆ ಸ್ಟೈಲ್ ಶೀಟೂ ಬೇಕಾಗಿಲ್ಲ, ಓದುವವರು ಯಾರೆಂಬ ನೆನಪಿದ್ದರೆ ಸಾಕು.

ಕನ್ನಡದ ಕೋಷ್ಟಕಕ್ಕೆ ಬೇರೆ ಎರಡು ಉಪಚಾರಗಳು ಬೇಕು. ನಮ್ಮದು ಒತ್ತಕ್ಷರದ ಲಿಪಿ. ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಎತ್ತರದಲ್ಲಿ ‘ರಾಷ್ಟ್ರ’, ‘ಶಾಸ್ತ್ರಿ’ ಮೊದಲಾದ ಪದಗಳ ಒತ್ತುಗಳು ಕೆಳಗಿನ ಗೆರೆಗೆ ತಗಲುತ್ತವೆ, ಎರಡು ಸಾಲಿನ ಹೆಸರಾದರೆ ಒಂದರ ಒತ್ತು ಇನ್ನೊಂದರ ತಲೆಕಟ್ಟಿಗೆ ಗುದ್ದುತ್ತದೆ. ‘ಲೈನ್ ಹೈಟ್’ ಅನ್ನು 1.6 ಅಥವಾ 1.7ಕ್ಕೆ ಏರಿಸಿದರೆ ಈ ಗುದ್ದಾಟ ನಿಲ್ಲುತ್ತದೆ. ಎರಡನೆಯದು ನಮ್ಮ ಪದಗಳ ಉದ್ದ. ವಿಭಕ್ತಿ, ಸಂಧಿ, ಸಮಾಸ ಎಲ್ಲ ಸೇರಿ ‘ವಿದ್ಯಾರ್ಥಿವೇತನದಾರರು’ ಎಂಬಂಥ ಒಂದೇ ಪದ ಅರ್ಧ ಗೇಣು ಉದ್ದವಾಗುತ್ತದೆ. ಬ್ರೌಸರು ಪದವನ್ನು ತಾನಾಗಿ ಮುರಿಯದು; ಅತ್ಯಂತ ಉದ್ದದ ಪದಕ್ಕೆ ತಕ್ಕಂತೆ ಅಂಕಣವನ್ನು ಹಿಗ್ಗಿಸಿ, ಉಳಿದ ಅಂಕಣಗಳನ್ನು ಹಿಂಡುತ್ತದೆ. ‘ಓವರ್‌ಫ್ಲೋ ರ‍್ಯಾಪ್: ಎನಿವೇರ್’ ಎಂದರೆ ಮುರಿಯುತ್ತದೆ ನಿಜ, ಆದರೆ ಎಲ್ಲೆಂದರಲ್ಲಿ ಮುರಿದು ಓದುವವರನ್ನು ಗಲಿಬಿಲಿಗೊಳಿಸುತ್ತದೆ. ತಲೆಬರಹದಲ್ಲಿ ‘ವೇತನ ಪಡೆದವರು’ ಎಂದು ಬಿಡಿಸಿ ಬರೆಯುವುದೇ ಮೇಲು. ಉಡುಗೆ ಬಿಗಿಯಾದಾಗ ಮೈ ಇಳಿಸುವುದೂ ಒಂದು ಉಪಾಯವಲ್ಲವೇ!

ಕೋಷ್ಟಕವನ್ನು ಕಣ್ಣಿನಿಂದ ನೋಡದವರೂ ಓದುತ್ತಾರೆ. ನಮ್ಮ ಕಚೇರಿಯಲ್ಲಿ ದೃಷ್ಟಿಯಿಲ್ಲದ ಸಹೋದ್ಯೋಗಿಯೊಬ್ಬರಿದ್ದಾರೆ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶ ಪುಟವನ್ನು ಓದಿ ಹೇಳುವುದನ್ನು ಕಿವಿಗೆ ಹಾಕಿಕೊಂಡು ನಮಗಿಂತ ಬೇಗ ಕೆಲಸ ಮುಗಿಸುತ್ತಾರೆ. ತಲೆಬರಹವನ್ನು ‘ಟಿಎಚ್’ ಎಂದೇ ಗುರುತಿಸಿದ್ದರೆ, ಅವರು ಅಂಕಣದಿಂದ ಅಂಕಣಕ್ಕೆ ಹೋದಂತೆ ಆ ತಂತ್ರಾಂಶ “ಬಾಕಿ, 1,900” ಎಂದು ಹೆಸರು ಹಿಡಿದು ಹೇಳುತ್ತದೆ. ಸಾಮಾನ್ಯ ಮನೆಗೆ ದಪ್ಪಕ್ಷರದ ಉಡುಗೆ ತೊಡಿಸಿ ತಲೆಬರಹವೆಂದು ನಂಬಿಸಲು ಹೋದರೆ ಕಣ್ಣಿದ್ದವರು ನಂಬಿಯಾರು. ಅವರಿಗೆ ಕೇಳುವುದು ಬರಿಯ ಅಂಕಿಗಳ ಮಳೆ. ಮೊಬೈಲಿನಲ್ಲಿ ಅಂದವಾಗಲೆಂದು ಕೋಷ್ಟಕಕ್ಕೇ ‘ಡಿಸ್‌ಪ್ಲೇ: ಬ್ಲಾಕ್’ ಎಂದು ಬರೆಯುವ ಚಾಳಿಯೂ ಒಂದುಂಟು. ಹಾಗೆ ಮಾಡಿದರೆ ಕೆಲವು ಬ್ರೌಸರುಗಳು ಅದು ಕೋಷ್ಟಕವೆಂಬುದನ್ನೇ ಮರೆತು, ಓದಿ ಹೇಳುವ ತಂತ್ರಾಂಶಕ್ಕೆ ಸಾಲು ಅಂಕಣಗಳ ಸುಳಿವನ್ನೇ ಕೊಡದಿರುವ ಸಂಭವವಿದೆ. ಉಡುಗೆ ಒಡಲನ್ನು ಕೆಡಿಸಬಾರದೆಂಬುದು ಇದಕ್ಕೇ. ಪುಟದ ಭಾಷೆ ಕನ್ನಡವೆಂದು ‘ಲ್ಯಾಂಗ್’ ಎಂಬಲ್ಲಿ ನಮೂದಿಸಲೂ ಮರೆಯಬಾರದು. ಮರೆತರೆ ನಮ್ಮ ವಂತಿಗೆದಾರರ ಹೆಸರುಗಳನ್ನು ಆ ತಂತ್ರಾಂಶ ಇಂಗ್ಲಿಷಿನ ದನಿಯಲ್ಲಿ ಓದಲು ಹೋಗಿ ಏನೇನೋ ಆದೀತು.

ಕಡೆಗೆ ಕಾಗದ. ಮೊಬೈಲಿನ ಕಾಲವೆಂದರೂ ವಾರ್ಷಿಕ ಸಭೆಯಲ್ಲಿ ಹಿರಿಯರು ಕೇಳುವುದು ಅಚ್ಚಿನ ಪ್ರತಿಯನ್ನೇ. ಸ್ಟೈಲ್ ಶೀಟಿನಲ್ಲಿ ‘ಮೀಡಿಯಾ ಪ್ರಿಂಟ್’ ಎಂಬ ಪ್ರತ್ಯೇಕ ಭಾಗವನ್ನು ತೆರೆದು, ಅಚ್ಚಿಗೆ ಮಾತ್ರ ಸಲ್ಲುವ ಉಡುಗೆಯನ್ನು ಅಲ್ಲಿ ಬರೆಯಬಹುದು. ಪರದೆಗೆಂದು ಗೊತ್ತುಮಾಡಿದ ಪೆಟ್ಟಿಗೆಯ ಎತ್ತರವನ್ನು ಅಲ್ಲಿ ರದ್ದುಮಾಡಿ, ‘ಓವರ್‌ಫ್ಲೋ’ವನ್ನು ‘ವಿಸಿಬಲ್’ ಮಾಡಬೇಕು. ಇಲ್ಲವಾದರೆ ಪೆಟ್ಟಿಗೆಯೊಳಗೆ ಕಂಡಷ್ಟೇ ಸಾಲುಗಳು ಅಚ್ಚಾಗಿ ಉಳಿದವು ಕಾಣೆಯಾಗುತ್ತವೆ. ಸಾಲಿಗೆ ‘ಬ್ರೇಕ್ ಇನ್‌ಸೈಡ್: ಅವಾಯ್ಡ್’ ಎಂದರೆ ಒಂದೇ ಸಾಲು ಎರಡು ಹಾಳೆಗೆ ಹರಿದುಹೋಗುವುದು ತಪ್ಪುತ್ತದೆ. ತಲೆಬರಹದ ಸಾಲನ್ನು ‘ಟಿಹೆಡ್’ ಎಂಬ ಗುರುತಿನೊಳಗಿಟ್ಟಿದ್ದರೆ ಸಾಮಾನ್ಯವಾಗಿ ಅದು ಪ್ರತಿಯೊಂದು ಹಾಳೆಯ ಮೇಲೂ ತಾನಾಗಿಯೇ ಅಚ್ಚಾಗುತ್ತದೆ. ಸಂಘದ ವಂತಿಗೆಯ ಪಟ್ಟಿಗೆ ಮೊನ್ನೆ ಇದಿಷ್ಟನ್ನೂ ತೊಡಿಸಿ, ಐದು ಹಾಳೆಗಳನ್ನು ತೆಗೆದು ಕಾರ್ಯದರ್ಶಿಗಳಿಗೆ ಒಪ್ಪಿಸಿದ್ದೇನೆ. ಐದರ ಮೇಲೂ ತಲೆಬರಹವಿದೆ. ವಂತಿಗೆ ಕೊಡಬೇಕಾದವರ ಹೆಸರು ನಾಲ್ಕನೆಯ ಹಾಳೆಯಿಂದ ಆರಂಭವಾಗುತ್ತದೆ.