ಸಂಜೆಯ ಜ್ವರ, ಬೇಸಿಗೆಯ ಕ್ಷಯ

ಬೆಳಿಗ್ಗೆ ಹುಡುಗನ ಮೈ ತಣ್ಣಗಿರುತ್ತದೆ, ಶಾಲೆಗೂ ಹೋಗುತ್ತಾನೆ. ಸಂಜೆಯಾಯಿತೆಂದರೆ ಮೈ ಬೆಚ್ಚಗೆ. ರಾತ್ರಿ ಬೆವರಿ ಹಾಸಿಗೆ ಒದ್ದೆ. ಮರುದಿನ ಮತ್ತೆ ಏನೂ ಇಲ್ಲ. ‘ಬಿಸಿಲಲ್ಲಿ ಆಡಿ ದಣಿದಿದ್ದಾನೆ’ ಎಂದು ಮನೆಯವರು ಸುಮ್ಮನಾಗುತ್ತಾರೆ. ಕ್ಷಯರೋಗ ಹೀಗೆ ವಾರಗಟ್ಟಲೆ ಕಣ್ತಪ್ಪಿಸಿಕೊಂಡು ಇರಬಲ್ಲದು.

ಜ್ವರ ಸಂಜೆಯೇ ಏಕೆ? ನಮ್ಮ ಮೆದುಳಿನಲ್ಲೊಂದು ಗಡಿಯಾರವಿದೆ. ಅದರ ಹಿಡಿತದಲ್ಲಿ, ಆರೋಗ್ಯವಂತರಲ್ಲೂ ದೇಹದ ಉಷ್ಣತೆ ನಸುಕಿನಲ್ಲಿ ಕಡಿಮೆ, ಇಳಿಹೊತ್ತಿನಲ್ಲಿ ಹೆಚ್ಚು. ವ್ಯತ್ಯಾಸ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್. ಉರಿಯೂತವನ್ನು ಹತ್ತಿಕ್ಕುವ ಕಾರ್ಟಿಸಾಲ್ ಹಾರ್ಮೋನು ಕೂಡ ಮುಂಜಾನೆ ಏರಿ, ಸಂಜೆಗೆ ಇಳಿಯುತ್ತದೆ. ಕ್ಷಯದ ಸಣ್ಣ ಜ್ವರ ಈ ಏರಿಳಿತದ ಜೊತೆಗೇ ಸಾಗುತ್ತದೆ. ಬೆಳಿಗ್ಗೆ ಮಾತ್ರ ಥರ್ಮಾಮೀಟರ್ ಇಟ್ಟು ನೋಡಿದರೆ ಅದು ಸಿಕ್ಕುವುದೇ ಇಲ್ಲ.

ದಿನಕ್ಕಿರುವಂತೆ ವರ್ಷಕ್ಕೂ ಒಂದು ಲಯವುಂಟು. 1996ರಿಂದ 2001ರವರೆಗಿನ ಭಾರತದ ದಾಖಲೆಗಳನ್ನು ಪರಿಶೀಲಿಸಿದಾಗ, ಉತ್ತರದ ರಾಜ್ಯಗಳಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ಕ್ಷಯರೋಗಿಗಳು ಹೆಚ್ಚು, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಕಡಿಮೆ ಎಂದು ಕಂಡುಬಂತು. ದಕ್ಷಿಣದಲ್ಲಿ ಇಂಥ ಏರಿಳಿತ ಹೆಚ್ಚುಕಡಿಮೆ ಇರಲಿಲ್ಲ. ಕೆಮ್ಮೆಂದರೆ ಚಳಿಗಾಲದ ಕಾಯಿಲೆ ಎಂದುಕೊಂಡವರಿಗೆ ಇದು ವಿಚಿತ್ರವೇ ಸರಿ!

ಒಂದು ವಿವರಣೆ ರೋಗಾಣುವಿನ ನಿಧಾನಗತಿಯಲ್ಲಿದೆ. ನಮ್ಮ ಕರುಳಿನಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯ ಅನುಕೂಲ ಸಿಕ್ಕರೆ 20 ನಿಮಿಷಕ್ಕೆ ಒಂದು ಎರಡಾಗುತ್ತದೆ. 1882ರಲ್ಲಿ ರಾಬರ್ಟ್ ಕಾಕ್ ಪತ್ತೆ ಮಾಡಿದ ಕ್ಷಯದ ರೋಗಾಣುವಿಗೆ 15ರಿಂದ 20 ಗಂಟೆ ಬೇಕು. ಕೊರೆಯುವ ಚಳಿಯಲ್ಲಿ ಕಿಟಕಿ ಬಾಗಿಲು ಮುಚ್ಚಿ ಮನೆಮಂದಿಯೆಲ್ಲ ಒಂದೇ ಕೋಣೆಯಲ್ಲಿ ಮಲಗಿದಾಗ, ಒಬ್ಬರು ಕೆಮ್ಮಿದ ಗಾಳಿಯನ್ನೇ ಉಳಿದವರು ಉಸಿರಾಡುತ್ತಾರೆ. ಆಗ ಒಳಹೊಕ್ಕ ರೋಗಾಣು ಕೆಲವರಲ್ಲಿ ತಿಂಗಳುಗಟ್ಟಲೆ ಬೆಳೆದು ಬೇಸಿಗೆಯಲ್ಲಿ ತಲೆಯೆತ್ತುತ್ತದೆ.

ಬಿಸಿಲಿನ ಪಾತ್ರವೂ ಇರಬಹುದು. ಚಳಿಗಾಲದಲ್ಲಿ ಚರ್ಮದಲ್ಲಿ ಡಿ ಜೀವಸತ್ವ ಕಡಿಮೆ ತಯಾರಾಗುತ್ತದೆ. ಈ ರೋಗಾಣುವನ್ನು ಕೊಲ್ಲಲು ರಕ್ಷಕ ಕಣಗಳಿಗೆ ಅದು ನೆರವಾಗುತ್ತದೆಂದು 2006ರಲ್ಲಿ ತಿಳಿದುಬಂತು. ಹಾಗೆಂದು ಔಷಧದ ಅಂಗಡಿಗೆ ಓಡಬೇಕಾಗಿಲ್ಲ. ಮಂಗೋಲಿಯದಲ್ಲಿ 8,000ಕ್ಕೂ ಹೆಚ್ಚು ಶಾಲಾಮಕ್ಕಳ ಪೈಕಿ ಅರ್ಧದಷ್ಟು ಮಂದಿಗೆ ಮೂರು ವರ್ಷ ವಾರವಾರವೂ ಈ ಜೀವಸತ್ವ ಕೊಟ್ಟು ನೋಡಿದರು. 2020ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸೋಂಕೇನೂ ತಗ್ಗಲಿಲ್ಲ.

ಎರಡು ವಾರ ದಾಟಿದ ಕೆಮ್ಮು, ಸಂಜೆಯ ಜ್ವರ, ಇಳಿಯುವ ತೂಕ ಇದ್ದರೆ ಪರೀಕ್ಷೆ ಅಗತ್ಯ. ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ಮಾತ್ರೆ ಆರಂಭಿಸಿದ ಕೆಲವು ವಾರಗಳಲ್ಲೇ ಸಾಮಾನ್ಯವಾಗಿ ಜ್ವರ ನಿಲ್ಲುತ್ತದೆ. ಆದರೆ ಅರೆನಿದ್ರೆಯಲ್ಲಿರುವ ರೋಗಾಣುಗಳು ಆಗಲೂ ಒಳಗೆ ಉಳಿದಿರುತ್ತವೆ. ಚಿಕಿತ್ಸೆಯನ್ನು ಸಾಮಾನ್ಯವಾಗಿ 6 ತಿಂಗಳು ಮುಂದುವರಿಸುವುದು ಅವುಗಳಿಗಾಗಿಯೇ.