ಸ್ವೀಟ್ ಡಬ್ಬಿ ಬೇಡ, ಹುಗ್ಗಿ ಬಡಿಸಿ

ರಾತ್ರಿ ಊಟಕ್ಕೆ ಕರೆದ ನೆಂಟರಿಗೆ ಅಂಗಡಿಯ ಸ್ವೀಟ್ ಡಬ್ಬಿ ಬಿಚ್ಚಿ ಬಡಿಸುವುದನ್ನು ನಾನು ಒಪ್ಪುವುದಿಲ್ಲ. ನೆಂಟರು ಬರುತ್ತಾರೆಂದು ಮನೆಯ ಹೆಂಗಸರನ್ನು ಬೆಳಗಿನಿಂದ ಹೋಳಿಗೆ ಹಂಚಿನ ಮುಂದೆ ನಿಲ್ಲಿಸುವುದನ್ನೂ ಒಪ್ಪುವುದಿಲ್ಲ. ಒಂದೇ ಪಾತ್ರೆಯಲ್ಲಿ ಆಗುವ ಹುಗ್ಗಿಯನ್ನೋ ಪಾಯಸವನ್ನೋ ಮಾಡಿ, ಬಡಿಸಿ, ನಾವೂ ಅವರ ಜೊತೆ ಕೂತು ಉಣ್ಣಬೇಕು ಎಂಬುದು ನನ್ನ ವಾದ. ಇಷ್ಟು ಸಣ್ಣ ಮಾತಿಗೆ ಜಗಳ ಯಾಕೆ ಎಂದು ಕೇಳಬಹುದು. ಯಾವ ಸಿಹಿ ಬಡಿಸಬೇಕು ಎನ್ನುವ ತೀರ್ಮಾನದೊಳಗೆ ನಮ್ಮ ಪ್ರತಿಷ್ಠೆ, ನಮ್ಮ ಜಾತಿ, ನಮ್ಮ ಹೆಂಗಸರ ದುಡಿಮೆ ಮೂರೂ ಅಡಗಿ ಕೂತಿವೆ. ಅದಕ್ಕೇ ಜಗಳ.

ನಮ್ಮದು ಮುಂಡಗೋಡ ತಾಲ್ಲೂಕಿನ ಚಿಗಳ್ಳಿ. ದೀಪನಾಥೇಶ್ವರನ ದೀಪಗಳಿಂದಾಗಿ ಊರಿನ ಹೆಸರು ಕೆಲವರ ಕಿವಿಗೆ ಬಿದ್ದಿರಬಹುದು. ಜಿಲ್ಲೆ ಉತ್ತರ ಕನ್ನಡವಾದರೂ ನಮ್ಮ ತಾಲ್ಲೂಕು ಅರೆಮಲೆನಾಡು. ಒಂದು ಕಡೆ ಶಿರಸಿ, ಯಲ್ಲಾಪುರದ ಕಾಡು. ಇನ್ನೊಂದು ಕಡೆ ಹಾನಗಲ್ಲ, ಕಲಘಟಗಿಯ ಬಯಲು. ಸಿಹಿಯೂ ಎರಡೂ ಕಡೆಯಿಂದ ಬಂದಿದೆ. ಘಟ್ಟದ ಕಡೆಯಿಂದ ತೆಂಗಿನ ಹಾಲು, ಬೆಲ್ಲ ಹಾಕಿದ ಅಕ್ಕಿ ಪಾಯಸ, ಬಾಳೆಹಣ್ಣಿನ ರಸಾಯನ. ಬಯಲಿನ ಕಡೆಯಿಂದ ಗೋಧಿ ಹುಗ್ಗಿ, ಶಾವಿಗೆ ಪಾಯಸ. 1966ರಿಂದ ನಮ್ಮ ತಾಲ್ಲೂಕಿನಲ್ಲೇ ಇರುವ ಟಿಬೆಟನ್ನರು ಲೋಸರ್ ಹಬ್ಬಕ್ಕೆ ಅನ್ನಕ್ಕೆ ಬೆಣ್ಣೆ, ಸಕ್ಕರೆ, ಒಣದ್ರಾಕ್ಷಿ ಬೆರೆಸಿ 'ದೇಸಿಲ್' ಮಾಡುತ್ತಾರೆ. ದೇಶ ಬಿಟ್ಟು ಬಂದವರೂ ಹಬ್ಬದ ಸಿಹಿಯನ್ನು ಅನ್ನದಲ್ಲೇ ಉಳಿಸಿಕೊಂಡಿದ್ದಾರೆ. ಇಷ್ಟೆಲ್ಲ ಸುತ್ತಮುತ್ತ ಇರುವಾಗ, ಹುಬ್ಬಳ್ಳಿಗೆ ಹೋದವರ ಕೈಯಲ್ಲಿ ಅರ್ಧ ಕಿಲೋ ಕಾಜು ಬರ್ಫಿ ತರಿಸುವುದು ಏಕೆ?

ಮೊದಲನೆಯ ಕಾರಣ ನಾಚಿಕೆ. ಸಕ್ಕರೆ ರೇಷನ್ ಅಂಗಡಿಯಲ್ಲಿ ಅಳತೆಯ ಮೇಲೆ ಸಿಗುತ್ತಿದ್ದ ಕಾಲದಲ್ಲಿ ನೆಂಟರಿಗೆ ಸಕ್ಕರೆ ಚಹಾ, ಮನೆಯವರಿಗೆ ಬೆಲ್ಲದ ಚಹಾ. ಕಂದು ಬಣ್ಣದ್ದು ಬಡವರದು, ಬಿಳಿಯದು ಮರ್ಯಾದೆಯದು ಎಂಬ ಲೆಕ್ಕ ಅಲ್ಲಿ ಬೇರೂರಿತು. ಹಳಿಯಾಳಕ್ಕೆ ಸಕ್ಕರೆ ಕಾರ್ಖಾನೆ ಬಂದಿದೆ. ನಮ್ಮ ಕಡೆಯ ಕಬ್ಬು ಲಾರಿ ಹತ್ತುತ್ತದೆ, ಆಲೆಮನೆಯ ಹೊಗೆ ಅಪರೂಪವಾಗಿದೆ. ಈಗ ತಮಾಷೆ ನೋಡಿ: ಬೆಂಗಳೂರಿನಲ್ಲಿ ಬೆಲ್ಲದ ಕಾಫಿಗೆ ಹೆಚ್ಚು ದುಡ್ಡು ಕೊಟ್ಟು ಕುಡಿದು ಬಂದ ಮಕ್ಕಳು, ಊರಿನಲ್ಲಿ ಅಮ್ಮ ಹುಗ್ಗಿ ಮಾಡುತ್ತೇನೆ ಎಂದರೆ 'ಫ್ರೆಂಡ್ಸ್ ಬರ್ತಿದಾರೆ, ಏನಾದ್ರೂ ಚಲೋದು ಮಾಡು' ಅನ್ನುತ್ತಾರೆ.

ಎರಡನೆಯ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. 'ಮುಸುರೆ' ಎಂಬ ಪದ ನಿಮಗೆ ಗೊತ್ತಿರಬಹುದು. ಮಡಿಯ ಲೆಕ್ಕದಲ್ಲಿ ನೀರಿನಲ್ಲಿ ಬೆಂದ ಅನ್ನ ಮುಸುರೆ. ಹಾಲು, ಹಣ್ಣು ಮುಸುರೆಯಲ್ಲ. ಜಾತಿಯಲ್ಲಿ ತಮಗಿಂತ ಕೆಳಗಿನವರು ಎಂದುಕೊಂಡವರ ಮನೆಯಲ್ಲಿ ಬಾಳೆಹಣ್ಣು ತಿಂದು, ಹಾಲು ಕುಡಿದು, ಊಟ ಮಾಡದೆ ಎದ್ದು ಬರುವ ಜಾಣತನ ನಮ್ಮಲ್ಲಿ ಹಳೆಯದು. ಈಗ ಆ ಜಾಗಕ್ಕೆ ಸ್ವೀಟ್ ಡಬ್ಬಿ ಬಂದು ಕೂತಿದೆ. ನಮ್ಮ ಮನೆಯ ಪಾಯಸಕ್ಕೆ 'ಶುಗರ್ ಇದೆ' ಎಂದು ಕೈ ಅಡ್ಡ ಹಿಡಿದ ಹಿರಿಯರೊಬ್ಬರು, ಹತ್ತು ನಿಮಿಷದಲ್ಲಿ ಡಬ್ಬಿಯ ಎರಡು ಪೇಡೆ ತಿಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಶುಗರ್ ಪಾಯಸಕ್ಕೆ ಮಾತ್ರ ಏರುತ್ತದೆಯೇ?

ಡಬ್ಬಿಗೆ ಜಾತಿಯಿಲ್ಲ, ಅದು ಎಲ್ಲರೂ ತಿನ್ನುವ ಸಿಹಿ, ಅದೇ ಒಳ್ಳೆಯದಲ್ಲವೇ ಎಂದು ಕೆಲವರು ವಾದಿಸುತ್ತಾರೆ. ಡಬ್ಬಿ ಇದ್ದರೆ ಯಾರೂ ಯಾರ ಪಾತ್ರೆಯನ್ನೂ ಮುಟ್ಟಬೇಕಾಗಿಲ್ಲ, ಯಾರೂ ಬೇಡ ಎನ್ನಬೇಕಾಗಿಲ್ಲ. ಜಾತಿ ಇದ್ದಲ್ಲೇ ಇರುತ್ತದೆ, ಮುಜುಗರ ಮಾತ್ರ ತಪ್ಪುತ್ತದೆ. ಹುಗ್ಗಿ ಬಡಿಸಿದಾಗ ಬಂದವರು ಉಣ್ಣಬೇಕು, ಇಲ್ಲವೇ ಉಣ್ಣುವುದಿಲ್ಲ ಎಂದು ಮುಖಕ್ಕೆ ಹೇಳಬೇಕು. ಆ ಮುಜುಗರ ಆಗಲಿ. ಆಗದೆ ಪಂಕ್ತಿ ಬದಲಾಗುವುದಿಲ್ಲ.

ಇನ್ನು ಹೋಳಿಗೆಯ ಪ್ರತಿಷ್ಠೆ. ಬೇಳೆ ಬೇಯಿಸಿ, ಬಸಿದು, ಬೆಲ್ಲ ಹಾಕಿ ಗಟ್ಟಿ ಮಾಡಿ, ಹೂರಣ ರುಬ್ಬಿ, ಕಣಕ ನಾದಿ, ಒಂದೊಂದಾಗಿ ಲಟ್ಟಿಸಿ ಬೇಯಿಸಬೇಕು. ಹತ್ತು ಜನರಿಗೆ ಮಾಡುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. ಬಂದವರು 'ಬಿಸಿ ಇದ್ರೆ ಇನ್ನೊಂದು' ಎನ್ನುತ್ತಾರೆ, ಮಾಡಿದವಳು ಒಲೆಯ ಮುಂದೆಯೇ ಇರುತ್ತಾಳೆ, ಜಗಲಿಯ ಮಾತು ಅವಳಿಗೆ ಕೇಳುವುದೇ ಇಲ್ಲ. ಆತಿಥ್ಯದ ಹೊಗಳಿಕೆ ಮಾತ್ರ ಯಜಮಾನನಿಗೆ. ಹಬ್ಬಕ್ಕೆ ನಾಲ್ಕು ಕೈ ಸೇರಿ ಹೋಳಿಗೆ ಮಾಡಲಿ, ಬೇಡ ಅನ್ನುವುದಿಲ್ಲ. ವಾರದ ಮಧ್ಯೆ ಊಟಕ್ಕೆ ಬಂದವರಿಗಾಗಿ ಒಬ್ಬಳ ಸೊಂಟ ಮುರಿಯಬೇಕಾಗಿಲ್ಲ.

ಹುಗ್ಗಿಯನ್ನು ಯಾರೂ ಮಾಡಬಹುದು, ಗಂಡಸರೂ ಮಾಡಬಹುದು. ಕುಟ್ಟಿ ಹೊಟ್ಟು ತೆಗೆದ ಒಂದು ಲೋಟ ಗೋಧಿಯನ್ನು ಬೆಳಿಗ್ಗೆ ನೆನೆಹಾಕಿ, ಸಂಜೆ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ. ಆಮೇಲೆಯೇ ಒಂದು ಲೋಟದಷ್ಟು ಬೆಲ್ಲ. ಮೊದಲೇ ಹಾಕಿದರೆ ಕಾಳು ಬಿರುಸಾಗಿ ಉಳಿಯುತ್ತದೆ. ಒಣಕೊಬ್ಬರಿ, ಗಸಗಸೆ, ಏಲಕ್ಕಿ ಹಾಕಿ ಕುದಿಸಿ ಇಳಿಸಿ. ಹಾಲನ್ನು ಒಲೆಯ ಮೇಲೆ ಬೆರೆಸಬೇಡಿ, ಬೆಲ್ಲಕ್ಕೆ ಒಡೆಯುತ್ತದೆ. ಬಡಿಸಿದ ಮೇಲೆ ಹಾಲು, ತುಪ್ಪ ಹಾಕಿ. ಬಾಡಿಗೆ ರೂಮಿನಲ್ಲಿರುವ ವಿದ್ಯಾರ್ಥಿಗಳಿಗೆ ಅದೂ ಕಷ್ಟವಾದರೆ ರಸಾಯನ ಇದೆ: ಹೆಚ್ಚಿದ ಬಾಳೆಹಣ್ಣು, ತೆಂಗಿನ ಹಾಲು, ಬೆಲ್ಲದ ಪುಡಿ, ಏಲಕ್ಕಿ. ಒಲೆಯೇ ಬೇಡ, ಕಾಲು ಗಂಟೆ ಸಾಕು.

ಬೆಲ್ಲ ಆರೋಗ್ಯಕ್ಕೆ ಒಳ್ಳೆಯದು ಎಂಬ ಜಾಹೀರಾತನ್ನು ನಾನು ಮಾಡುತ್ತಿಲ್ಲ. ಬೆಲ್ಲವೂ ಹೆಚ್ಚುಕಡಿಮೆ ಸಕ್ಕರೆಯೇ. ಸಕ್ಕರೆ ಕಾಯಿಲೆ ನಿಜವಾಗಿಯೂ ಇದ್ದವರಿಗೆ ಅರ್ಧ ಸೌಟು ಬಡಿಸಿ, ಬೇಡವೆಂದರೆ ಬಿಡಿ, ಒತ್ತಾಯದ ಉಪಚಾರ ಬೇಡ. ನನ್ನ ಹಟ ಇಷ್ಟೇ. ಮುಂದಿನ ಸಲ ಯಾರನ್ನಾದರೂ ಊಟಕ್ಕೆ ಕರೆದಾಗ, ಮನೆಯಲ್ಲಿ ಆಗುವುದನ್ನು ಮನೆಯ ಪಾತ್ರೆಯಲ್ಲಿ ಮಾಡಿ. ಮಾಡಿದವರಿಗೂ ಅದೇ ಪಂಕ್ತಿಯಲ್ಲಿ ಎಲೆ ಹಾಕಿ. ಈವರೆಗೆ ಊಟಕ್ಕೆ ಕರೆಯದ ಒಂದು ಮನೆಯವರನ್ನೂ ಅದೇ ಪಂಕ್ತಿಗೆ ಕರೆಯಿರಿ, ಅವರು ಕರೆದಾಗ ಹೋಗಿ ಉಂಡು ಬನ್ನಿ.